ಬಳೆಗಾರರ ಮನೆಯ ಕವಿ ಮತ್ತು ಒಂದು ಅರ್ಜಿ

ಆತ್ಮಪ್ರಶಂಸೆಗೆ ಹೆಸರಾದ ರನ್ನನು ಕ್ರಿ.ಶ. 993ರ ‘ಅಜಿತಪುರಾಣ’ದಲ್ಲಿ ತಾನು ಬಳೆಗಾರರ ಮನೆಯವನೆಂಬುದನ್ನು ಮರೆಮಾಚುವುದಿಲ್ಲ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಗುರು ಅಜಿತಸೇನಾಚಾರ್ಯ, ಆಶ್ರಯವಿತ್ತ ಅತ್ತಿಮಬ್ಬೆ ಎಲ್ಲರೂ ಅವನ ಹೆಮ್ಮೆಯಲ್ಲಿ ಪಾಲುದಾರರು.

ಬಸವೇಶ್ವರನಗರದ ನಮ್ಮ ಬೀದಿಯ ದರ್ಜಿಯೊಬ್ಬರ ಮಗಳು ಈಚೆಗೆ ಪುಣೆಯ ಬಳಿಯ ಯುಡಬ್ಲ್ಯುಸಿ ಮಹೀಂದ್ರ ಕಾಲೇಜಿಗೆ ಅರ್ಜಿಯ ಪ್ರಬಂಧ ಬರೆದು ತಂದಳು. 1997ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಹಲವು ದೇಶಗಳ ಮಕ್ಕಳು ಎರಡು ವರ್ಷ ಒಟ್ಟಿಗೆ ಓದುತ್ತಾರೆ. ವಿದ್ಯಾರ್ಥಿವೇತನ ದೊರೆಯದಿದ್ದರೆ ಆ ಮನೆಗೆ ಅದು ನಿಲುಕದ ಮಾತು. ಪ್ರಬಂಧದಲ್ಲಿ ‘ಜಾಗತಿಕ ನಾಯಕತ್ವ’ವಿತ್ತು, ಸಂಜೆ ಅಂಗಡಿಯಲ್ಲಿ ಕುಳಿತು ಕಾಜಾ ಹೊಲಿಯುವ ಹುಡುಗಿ ಇರಲಿಲ್ಲ.

“ಅದನ್ನೂ ಬರೆಯಬೇಕಾ ಸರ್?” ಎಂದಳು. ರನ್ನನ ವಿಷಯ ಹೇಳಿದೆ.

ಎಲ್ಲವನ್ನೂ ನಾನೇ ತಿದ್ದಿ ಬರೆದುಕೊಡಲಿ ಎಂಬುದು ತಂದೆಯ ಕೋರಿಕೆ. ನಾನು ಅಂಚಿನಲ್ಲಿ ಪ್ರಶ್ನೆಗಳನ್ನಷ್ಟೇ ಗುರುತಿಸಿದೆ: ಹೊಲಿಯುವಾಗ ಏನು ಯೋಚಿಸುವೆ? ಗಿರಾಕಿಗಳ ಯಾವ ಮಾತು ಮನಸ್ಸಿನಲ್ಲಿ ಉಳಿದಿದೆ? ಐವತ್ತು ದಾಟಿದ ಅಧ್ಯಾಪಕನ ವಾಕ್ಯ ಹದಿನಾರರ ಹುಡುಗಿಗೆ ಒಪ್ಪುವುದಿಲ್ಲ. ಸಂದರ್ಶನದ ಮೊದಲ ಪ್ರಶ್ನೆಗೇ ಅದರ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ಹೊಸ ಪ್ರತಿಯ ಇಂಗ್ಲಿಷು ಅಲ್ಲಲ್ಲಿ ತೊಡರುತ್ತದೆ. ಆದರೆ ಅದನ್ನು ಓದಿದವರಿಗೆ ಆ ಅಂಗಡಿ ಕಾಣುತ್ತದೆ, ಅವಳೂ ಕಾಣುತ್ತಾಳೆ. ಅದನ್ನೇ ಕಳುಹಿಸಿದ್ದಾಳೆ, ಫಲಿತಾಂಶ ಇನ್ನೂ ಬರಬೇಕಿದೆ.