ಎಂಬತ್ತೇಳರಲ್ಲೊಂದು ಘಟ್ಟ

ಚಿಕ್ಕಂದಿನಲ್ಲಿ ನಮ್ಮ ಮನೆಯ ಗೊಂಬೆಹಬ್ಬಕ್ಕೆ ಪಾರ್ಕು ಮಾಡುವ ಕೆಲಸ ನನ್ನದು. ತಟ್ಟೆಗೆ ಮಣ್ಣು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ವಾರದೊಳಗೆ ಹುಲ್ಲುಗಾವಲು. ನಡುವೆ ಒಡೆದ ಕನ್ನಡಿಯ ಕೆರೆ, ದಂಡೆಯ ಮೇಲೆ ಕೀಲಿ ಕೊಟ್ಟರೆ ಓಡುವ ತಗಡಿನ ರೈಲು. ಹುಲ್ಲು ರೈಲಿನ ನೆತ್ತಿ ದಾಟಿ ಬೆಳೆದಿದೆಯೆಂದು ಆಗ ಯಾರೂ ತಕರಾರು ತೆಗೆದಿರಲಿಲ್ಲ.

ಐವತ್ತು ದಾಟಿದ ಮೇಲೆ ಮತ್ತೆ ಅದೇ ಆಟಕ್ಕಿಳಿದೆ, ಈ ಸಲ ಸ್ಕೇಲು ಹಿಡಿದುಕೊಂಡು. ಮಾದರಿ ರೈಲಿನವರ ಎಚ್‌ಒ ಎಂಬ ಅಳತೆಯಲ್ಲಿ ಎಲ್ಲವೂ ನಿಜದ 87ರಲ್ಲಿ ಒಂದು ಪಾಲು. ಆಳು ಎರಡು ಸೆಂಟಿಮೀಟರಿಗೂ ತುಸು ಕಡಿಮೆ. ಎರಡಂಗುಲದ ರಾಗಿ ಪೈರೆಂದರೆ ಅಲ್ಲಿ ಹದಿನಾಲ್ಕು ಅಡಿ ಎತ್ತರ, ಆನೆ ಅಡಗಬಹುದು.

ನನಗೆ ಬೇಕಿದ್ದುದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟ. ಸುಮಾರು 55 ಕಿಲೋಮೀಟರ್, 57 ಸುರಂಗ, 50 ಅಡಿ ಸಾಗಿದರೆ ಒಂದಡಿ ಏರು. ಇಡೀ ಘಟ್ಟವನ್ನು ಮಾಡಹೊರಟರೆ ಹಲಗೆಯೇ ಆರುನೂರು ಮೀಟರ್ ಬೇಕು. ನಮ್ಮ ರಸ್ತೆಯೇ ಅಷ್ಟುದ್ದವಿಲ್ಲ. ಆರಡಿ ಹಲಗೆ, ಒಂದು ಸುರಂಗ, ಒಂದು ಸೇತುವೆ ಎಂದು ಮನೆಯವಳೊಂದಿಗೆ ರಾಜಿಯಾಯಿತು.

ಗುಡ್ಡ ಸುಲಭ: ಥರ್ಮೋಕೋಲ್, ಹಳೇ ಪೇಪರು, ಪ್ಲಾಸ್ಟರ್. ಕಷ್ಟವೆಲ್ಲ ಹಸಿರಿನದು. ತರಿಸಿದ ಪೊಟ್ಟಣದಲ್ಲಿ ಇದ್ದವೆಲ್ಲ ಫರ್ ಮರಗಳು. ಬೈಯುವಂತಿಲ್ಲ. ಈ ಕಸುಬಿನಲ್ಲಿ ಹೆಸರಾದ ಫಾಲರ್ ಕಂಪನಿ ಇರುವುದೇ ಜರ್ಮನಿಯ ಬ್ಲ್ಯಾಕ್ ಫಾರೆಸ್ಟಿನಲ್ಲಿ. ಅವರ ಕಾಡಿನ ಮರ ಅವರು ಮಾಡುತ್ತಾರೆ, ನಮ್ಮದನ್ನು ನಾವು ಮಾಡಿಕೊಳ್ಳಬೇಕು. ಹಳೇ ವೈರಿನ ತಾಮ್ರದ ಎಳೆ ಹೊಸೆದು ಕಾಂಡ, ಕೊಂಬೆ ಬಿಡಿಸಿದೆ. ಸ್ಪಂಜನ್ನು ಮಿಕ್ಸಿಗೆ ಹಾಕಿ ಬಣ್ಣ ಕಲಸಿದರೆ ಎಲೆ. (ಮಿಕ್ಸಿಯ ಸುದ್ದಿ ಇಲ್ಲಿ ಬೇಡ.) ನೂರಡಿ ಮರ ಲೆಕ್ಕದ ಪ್ರಕಾರ ಒಂದಡಿ ಮೀರಬೇಕು, ಆದರೆ ಹಾಗೆ ನೆಟ್ಟರೆ ರೈಲೇ ಕಾಣದು. ಮರದ ವಿಷಯದಲ್ಲಿ ಎಲ್ಲರೂ ಸ್ವಲ್ಪ ಸುಳ್ಳು ಹೇಳುತ್ತಾರೆ. ನಾನೂ ಹೇಳಿದೆ.

ಆದರೂ ನನ್ನ ಕಾಡು ಪ್ಲಾಸ್ಟಿಕ್ ತೋರಣದ ಹಾಗೆ ಕಂಡಿತು. ಅನುಮಾನ ಬಗೆಹರಿಸಿಕೊಳ್ಳಲು ರೈಲು ಹತ್ತಿ, ಘಟ್ಟದುದ್ದಕ್ಕೂ ಕಿಟಕಿಗೆ ಕೆನ್ನೆ ಕೊಟ್ಟು ಕೂತೆ. ನಾನು ಡಬ್ಬಿಯಿಂದ ಬಳಿದಿದ್ದ ಹಸಿರು ಅಲ್ಲಿ ಎಲ್ಲೂ ಇರಲಿಲ್ಲ. ಚಿಗುರು ತಾಮ್ರ, ಹಣ್ಣೆಲೆ ಅರಿಶಿನ, ದೂರದ ಗುಡ್ಡ ನೀಲಿ. ಬ್ರೇಕಿನ ತುಕ್ಕು ಹುಡಿ ಕೂತು ಹಳಿಯ ಪಕ್ಕದ ಜಲ್ಲಿ ಕಂದು. ಸುರಂಗದ ಬಾಯಲ್ಲಿ ಪಾಚಿ ಒಣಗಿ ಕಪ್ಪು. ಮನೆಗೆ ಬಂದು ಅರ್ಧ ಕಾಡಿಗೆ ಕಂದು, ಹಳದಿ ಸಿಂಪಡಿಸಿದೆ. ಆಮೇಲೆ ನೋಡಿದವರು ‘ಎಷ್ಟು ಹಸಿರು!’ ಅಂದರು.

ಹುಲ್ಲಿಗೆ ಬೇರೆಯೇ ಉಪಾಯ. ನೈಲಾನಿನ ಚೂರನ್ನು ಸುಮ್ಮನೆ ಉದುರಿಸಿದರೆ ಕ್ಷೌರದಂಗಡಿಯ ನೆಲ. ಸೊಳ್ಳೆ ಬ್ಯಾಟ್ ಬಿಚ್ಚಿ, ಒಂದು ತಂತಿಯನ್ನು ಟೀ ಸೋಸುವ ಜರಡಿಗೂ ಇನ್ನೊಂದನ್ನು ಹಸಿ ಅಂಟಿನಲ್ಲಿ ಚುಚ್ಚಿದ ಮೊಳೆಗೂ ಕೊಟ್ಟು ಗುಂಡಿ ಒತ್ತಿದರೆ, ಉದುರುವ ಒಂದೊಂದು ಎಳೆಯೂ ನೆಟ್ಟಗೆ ನಿಲ್ಲುತ್ತದೆ. ರೋಮಾಂಚನ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನಾನು ಕಂಡಿಲ್ಲ. ಮೈಮರೆತು ಮೊಳೆ ಮುಟ್ಟಿದ ದಿನ ಆ ಅರ್ಥ ನನಗೂ ಆಯಿತು.

ಕಾಡಿನ ನೆಲಕ್ಕೆ ಹಾಕಿದ್ದು ಸೋಸಿದ ಚಹಾಪುಡಿ. ಸರಿಯಾಗಿ ಒಣಗಿಸಿರಲಿಲ್ಲವೆಂದು ಗೊತ್ತಾದದ್ದು ಆಷಾಢದಲ್ಲಿ: ಸೇತುವೆಯ ಕೆಳಗಿನ ಕಮರಿಯ ತುಂಬ ಬೆಳ್ಳಗೆ ಬೂಷ್ಟು. ಒದ್ದೆ ಬಟ್ಟೆ ಹಿಡಿದು ಬರುವಷ್ಟರಲ್ಲಿ ಅಮ್ಮ ಕನ್ನಡಕ ಏರಿಸಿ ಬಗ್ಗಿ ನೋಡುತ್ತಿದ್ದಳು.

‘ಮಂಜು ಚೆನ್ನಾಗಿ ಕೂರಿಸಿದೀಯ ಕಣೋ,’ ಅಂದಳು.

ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡೆ.