ಬಾಡಿಗೆಯ ಶೆಡ್ಡು, ಸ್ವಂತ ಬೀಗ

ಹಳೆಯ ಪೇಟೆಗಳು ಹುಟ್ಟಿದ ಕಾಲಕ್ಕೆ ಕಾರುಗಳಿರಲಿಲ್ಲ. ಬೆಂಗಳೂರಿನ ಚಿಕ್ಕಪೇಟೆಯಲ್ಲಾಗಲಿ, ಹುಬ್ಬಳ್ಳಿಯ ಹಳೆಯ ಓಣಿಗಳಲ್ಲಾಗಲಿ, ಕೆಳಗೆ ಅಂಗಡಿ, ಮೇಲೆ ಮನೆ ಎಂಬಂತೆ ಕಟ್ಟಿದ ಕಟ್ಟಡಗಳಲ್ಲಿ ವಾಹನಕ್ಕೆ ಸ್ಥಳ ದೊರೆಯುವುದು ದುರ್ಲಭ. ಅಂಥ ಕಡೆ ವಾಸಿಸುವ ವರ್ತಕ ಕುಟುಂಬಗಳು ಎರಡು ಬೀದಿ ಆಚೆ ಯಾರದೋ ಹಿತ್ತಿಲಿನ ಶೆಡ್ಡನ್ನು ಬಾಡಿಗೆಗೆ ಹಿಡಿದು ಕಾರು ನಿಲ್ಲಿಸುವುದುಂಟು. ಆ ಶೆಡ್ಡು ಮನೆಯವರ ಕಣ್ಣಿಗೆ ಬೀಳದು. ರಾತ್ರಿ ಸದ್ದಾದರೂ ಕಿವಿಗೆ ಕೇಳಿಸದು. ಆದ್ದರಿಂದ ಕಾರಿನ ಒಡೆಯನ ಮನಸ್ಸಿನಲ್ಲಿ ಒಂದು ಅಳುಕು ಸದಾ ಉಳಿದಿರುತ್ತದೆ.

ಈ ಅಳುಕು ತಪ್ಪಲ್ಲ. ಗೃಹಸ್ಥನು ನ್ಯಾಯವಾಗಿ ಸಂಪಾದಿಸಿದ್ದನ್ನು ಕಾಪಾಡಿಕೊಳ್ಳುವುದು ಅವನ ಕರ್ತವ್ಯವೇ ಆಗಿದೆ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವೇನು ಎಂಬ ಗಾದೆಯೂ ಅದನ್ನೇ ಹೇಳುತ್ತದೆ. ಆದರೆ ಬಾಡಿಗೆಯ ಶೆಡ್ಡಿನಲ್ಲಿ ಒಂದು ತೊಡಕಿದೆ: ಸ್ವತ್ತು ತನ್ನದು, ಗೋಡೆ ಪರರದು. ತನ್ನ ಸ್ವತ್ತಿನ ರಕ್ಷಣೆಗೆ ಪರರ ಗೋಡೆಯನ್ನು ಎಷ್ಟರಮಟ್ಟಿಗೆ ಮುಟ್ಟಬಹುದು? ಅಚೌರ್ಯಾಣುವ್ರತವನ್ನು ನಂಬಿದವರು ಈ ಪ್ರಶ್ನೆಯನ್ನು ಬೀಗ ಕೊಳ್ಳುವುದಕ್ಕೆ ಮುಂಚೆಯೇ ಕೇಳಿಕೊಳ್ಳಬೇಕು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಕಳವನ್ನು ಅದತ್ತಾದಾನ, ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು, ಎಂದು ಗುರುತಿಸುತ್ತದೆ. ಶೆಡ್ಡಿನ ಒಡೆಯನು ತಿಂಗಳ ಬಾಡಿಗೆಗೆ ಪ್ರತಿಯಾಗಿ ಕೊಟ್ಟಿರುವುದು ಸ್ಥಳದ ಉಪಯೋಗವನ್ನು ಮಾತ್ರ. ಗೋಡೆಗೆ ತೂತು ಹೊಡೆಯುವ ಅಧಿಕಾರವನ್ನಾಗಲಿ, ಅವನ ಮೀಟರಿನಿಂದ ದೀಪಕ್ಕೆ ವಿದ್ಯುತ್ತು ಎಳೆಯುವ ಅಧಿಕಾರವನ್ನಾಗಲಿ ಅವನು ಕೊಟ್ಟಿಲ್ಲ. ಕಳ್ಳನ ಭಯದಿಂದ ಅವನ್ನು ಕೇಳದೆ ತೆಗೆದುಕೊಂಡರೆ, ಬೀಗ ಹಾಕಿದವನೇ ಬೀಗದ ಉದ್ದೇಶವನ್ನು ಮುರಿದಂತಾಯಿತು.

ದೇಶದ ಕಾನೂನು ಸಹ ಈ ವಿವೇಕವನ್ನೇ ಎತ್ತಿಹಿಡಿದಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣದಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರನು ಸ್ಥಳವನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಸಹಜವಾದ ಸವಕಳಿಗೆ ವಿನಾಯಿತಿಯುಂಟು. ತಾನು ಜೋಡಿಸಿದ್ದನ್ನು ಅವನು ಬಿಚ್ಚಿಕೊಂಡು ಹೋಗಬಹುದು. ಆದರೆ ಸ್ಥಳವು ಮೊದಲಿದ್ದಂತೆಯೇ ಉಳಿಯಬೇಕು. ನೆಲಕ್ಕೆ ಹೂಳುವ ಕಬ್ಬಿಣದ ಕಂಬ, ಹೊಸ ಗೋಡೆ ಮುಂತಾದ ಕಾಯಂ ಕೆಲಸಕ್ಕೆ ಒಡೆಯನ ಸಮ್ಮತಿ ಬೇಕು. ಆ ಸಮ್ಮತಿಯು ನಾಲ್ಕು ಸಾಲಿನ ಕಾಗದದಲ್ಲಿದ್ದರೆ ಇಬ್ಬರಿಗೂ ಕ್ಷೇಮ.

ಒಬ್ಬ ಬಟ್ಟೆ ವ್ಯಾಪಾರಿಯ ಸಂಗತಿ ಇಲ್ಲಿ ಉದಾಹರಣೆಗೆ ಒದಗುತ್ತದೆ. ಅವರ ಕಾರು ನಿಲ್ಲುತ್ತಿದ್ದುದು ನಿವೃತ್ತ ಉಪಾಧ್ಯಾಯರೊಬ್ಬರ ಹಿತ್ತಿಲಿನ ಶೆಡ್ಡಿನಲ್ಲಿ. ಪಕ್ಕದ ಶೆಡ್ಡಿನಿಂದ ಕಾರಿನ ಬ್ಯಾಟರಿ ಕಳುವಾದ ಸುದ್ದಿ ಬಂದೊಡನೆ, ಹಿಂದಿನ ಗೋಡೆಗೆ ಕಬ್ಬಿಣದ ಕೊಂಡಿ ಕೂರಿಸಿ ಅದಕ್ಕೆ ಸರಪಳಿ ಬಿಗಿಯಬೇಕೆಂದು ಮಗನು ಗಾರೆಯವನನ್ನು ಗೊತ್ತುಮಾಡಿದ. "ಬಾಡಿಗೆ ಕೊಡುತ್ತೇವಲ್ಲ ಅಪ್ಪಾಜಿ, ಕೇಳುವುದೇನಿದೆ?" ಎಂಬುದು ಅವನ ವಾದ. ತಂದೆ ಒಪ್ಪಲಿಲ್ಲ, ತಾವೇ ಹೋಗಿ ಮೇಷ್ಟರನ್ನು ಕಂಡರು. ಮೇಷ್ಟರು ಹೇಳಿದರು: "ಶೆಟ್ಟರೇ, ಬಾಗಿಲಿಗೆ ಏನು ಬೇಕಾದರೂ ಮಾಡಿಸಿಕೊಳ್ಳಿ. ಆ ಗೋಡೆಯನ್ನು ಮಾತ್ರ ಮುಟ್ಟಬೇಡಿ. ಅದು ಮಣ್ಣಿನ ಗೋಡೆ. ಆಚೆ ಬದಿಗೆ ನಮ್ಮ ಅಡಿಗೆಮನೆ. ನಮ್ಮ ತಾಯಿ ಬೆಳಗಿನಿಂದ ಆ ಗೋಡೆಗೆ ಒರಗಿಕೊಂಡೇ ಕೂತಿರುತ್ತಾರೆ." ಕೇಳದೆ ಸುತ್ತಿಗೆ ಎತ್ತಿದ್ದರೆ ಆಗಬಹುದಾಗಿದ್ದ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನುಮತಿ ಕೇಳುವುದು ಕೇವಲ ಶಿಷ್ಟಾಚಾರವೆಂದು ತಿಳಿದವರು ಇದನ್ನು ಮನನ ಮಾಡಬೇಕು. ಗೋಡೆಯ ಗುಟ್ಟು ಅದರ ಒಡೆಯನಿಗೆ ಗೊತ್ತು.

ಹಾಗಾದರೆ ಒಡೆಯನ ಒಪ್ಪಿಗೆ ಪಡೆದು ಮಾಡಬಹುದಾದ ಕೆಲಸಗಳಾವುವು? ಮೊದಲು ಬಾಗಿಲನ್ನು ಪರೀಕ್ಷಿಸಬೇಕು. ಕಳ್ಳನು ಬೀಗವನ್ನೇ ಒಡೆಯಬೇಕೆಂದಿಲ್ಲ; ಬೀಗ ನೇತಾಡುವ ಚಿಲಕವನ್ನು ಮೀಟಿ ಕೀಳುವುದು ಅವನಿಗೆ ಹೆಚ್ಚು ಸುಲಭ. ಹೊರಗೆ ಕಾಣುವ ನಾಲ್ಕು ಸ್ಕ್ರೂಗಳ ಮೇಲೆ ನಿಂತ ಚಿಲಕಕ್ಕೆ ಎಷ್ಟು ಬೆಲೆಯ ಬೀಗ ಹಾಕಿದರೂ ವ್ಯರ್ಥ. ಸ್ಕ್ರೂಗಳಿಗೆ ಬದಲಾಗಿ ಬಾಗಿಲಿನ ಹಲಗೆಯನ್ನು ಹಾಯ್ದು ಹೋಗುವ ದುಂಡುತಲೆಯ ಬೋಲ್ಟುಗಳನ್ನು ಹಾಕಿ, ಒಳಬದಿಗೆ ಅಗಲವಾದ ವಾಷರು ಕೊಟ್ಟು ನಟ್ಟು ಬಿಗಿಸಬೇಕು. ಆಗ ಹೊರಗಿನಿಂದ ತಿರುಗಿಸಿ ಬಿಚ್ಚಲು ಹಿಡಿತವೇ ಸಿಗುವುದಿಲ್ಲ. ಬೀಗವು ತನ್ನ ಕಮಾನು ಆದಷ್ಟು ಕಡಿಮೆ ಹೊರಗೆ ಕಾಣುವಂಥದ್ದಾಗಿರಲಿ. ಗರಗಸಕ್ಕೂ ಮೀಟುಗೋಲಿಗೂ ಎಡೆ ಸಿಗಬಾರದು. ಬಾಗಿಲಿನ ಕೀಲುಗಳು ಹೊರಬದಿಗಿದ್ದರೆ ಅವುಗಳ ಕಡ್ಡಿ ಎಳೆದರೆ ಬರುವಂತಿರಬಾರದು. ರೋಲಿಂಗ್ ಶಟರಿಗೆ ನಡುವಿನ ಒಂದೇ ಬೀಗ ಸಾಲದು. ಎರಡು ತುದಿಗಳಲ್ಲೂ ನೆಲದ ಹತ್ತಿರ ಬೀಗವಿದ್ದರೆ ಒಂದು ಮೂಲೆಯನ್ನು ಎತ್ತಿ ಒಳನುಸುಳುವುದು ಕಷ್ಟ.

ಮುಂಬಾಗಿಲನ್ನು ಭದ್ರಪಡಿಸಿ ಹಿಂಬದಿಯ ತಗಡನ್ನು ಮರೆಯುವುದು ಅನೇಕರ ವಾಡಿಕೆ. ಮಾಡಿನ ತಗಡು ಸಡಿಲವಾಗಿದೆಯೇ, ಗವಾಕ್ಷಿಗೆ ಸರಳುಗಳಿವೆಯೇ ಎಂಬುದನ್ನು ಹಗಲಿನಲ್ಲಿ ಒಮ್ಮೆ ಸುತ್ತಿ ನೋಡಬೇಕು. ಬೆಳಕಿಗಾಗಿ ಒಡೆಯನ ಮೀಟರನ್ನು ಆಶ್ರಯಿಸಬೇಕಾಗಿಲ್ಲ. ಯಾರಾದರೂ ಸುಳಿದೊಡನೆ ತಾನೇ ಹೊತ್ತಿಕೊಳ್ಳುವ ಸೌರದೀಪಗಳು ಈಗ ದೊರೆಯುತ್ತವೆ. ಕ್ಯಾಮೆರಾ ಇಡುವುದಾದರೆ ಅದು ಶೆಡ್ಡಿನ ಬಾಗಿಲನ್ನು ನೋಡಲಿ. ನೆರೆಮನೆಯ ಹೆಣ್ಣುಮಕ್ಕಳು ನೀರು ತುಂಬುವ ಅಂಗಳವನ್ನು ನೋಡಬಾರದು. ತತ್ತ್ವಾರ್ಥಸೂತ್ರದ ದಿಗಂಬರ ಪಾಠದಲ್ಲಿ ಅಚೌರ್ಯವ್ರತದ ಭಾವನೆಗಳಲ್ಲಿ ಪರೋಪರೋಧಾಕರಣ, ಅಂದರೆ ಇತರರಿಗೆ ಅಡ್ಡಿಮಾಡದಿರುವುದು, ಎಂಬುದೂ ಒಂದು. ಅದು ಮುನಿಗಳ ವಸತಿಯನ್ನು ಕುರಿತ ಮಾತಾದರೂ, ಎಲ್ಲರೂ ಓಡಾಡುವ ದಾರಿಗೆ ಅಡ್ಡವಾಗಿ ಗೇಟು ಹಾಕಿಸಲು ಹೊರಟ ಗೃಹಸ್ಥನಿಗೂ ಅದರಲ್ಲಿ ಪಾಠವಿದೆ.

ಸಂದುಗೊಂದುಗಳನ್ನು ಮುಚ್ಚಿಸುವಾಗ ಒಂದು ಎಚ್ಚರ ಅವಶ್ಯ. ಮಾಡಿನ ಎಡೆಯಲ್ಲಿ ಹಕ್ಕಿಯ ಗೂಡಿರಬಹುದು; ಮೂಲೆಯಲ್ಲಿ ಬೆಕ್ಕು ಮರಿ ಹಾಕಿರಬಹುದು. ಆ ಜೀವಗಳು ತಾವಾಗಿ ಹೊರಡುವವರೆಗೆ ಕೆಲವು ವಾರ ಕಾದರೆ ಭದ್ರತೆಗೆ ಬರುವ ಕುಂದು ಅತ್ಯಲ್ಪ.

ಅಹಿಂಸೆಯ ಮಾತು ಇಲ್ಲಿಗೆ ಮುಗಿಯುವುದಿಲ್ಲ. ರೋಷದಲ್ಲಿ ಕೆಲವರು ಬಾಗಿಲಿಗೆ ವಿದ್ಯುತ್ ತಂತಿ ಹಾಯಿಸುವ ಮಾತಾಡುತ್ತಾರೆ. ಬಿಹಾರದಲ್ಲಿ ಒಬ್ಬನು ತನ್ನ ಶೌಚಗೃಹವನ್ನು ನೆರೆಯವರು ಬಳಸಬಾರದೆಂದು ಬರಿಯ ತಂತಿಗೆ ವಿದ್ಯುತ್ತು ಹಾಯಿಸಿದ್ದ. ಅದನ್ನು ಮುಟ್ಟಿ ಒಬ್ಬ ಹೆಂಗಸು ಸತ್ತಳು. ಅಪ್ಪಣೆಯಿಲ್ಲದೆ ಬಂದವಳೆಂಬ ವಾದ ನಡೆಯಲಿಲ್ಲ. ಅತಿಕ್ರಮವಾಗಿ ಬಂದವರಿಗೂ ಬೇಕೆಂದೇ ಅಪಾಯವೊಡ್ಡುವ ಹಕ್ಕು ಒಡೆಯನಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ಅವನ ಶಿಕ್ಷೆಯನ್ನು ಎತ್ತಿಹಿಡಿಯಿತು. ಕಳ್ಳನನ್ನು ತಡೆಯುವುದು ಧರ್ಮ. ಅವನ ಪ್ರಾಣಕ್ಕೆ ಬಲೆ ಒಡ್ಡುವುದು ಹಿಂಸೆ. ಹಿತ್ತಿಲಿನಲ್ಲಿ ಆ ಬಾಗಿಲನ್ನು ಮೊದಲು ಮುಟ್ಟುವ ಕೈ ಕಳ್ಳನದೇ ಆಗಿರಬೇಕೆಂದೇನೂ ಇಲ್ಲ. ಚೆಂಡು ಹುಡುಕುತ್ತ ಬಂದ ಮಗುವಿನದಾಗಬಹುದು.

ಕಾರಿನ ವಿಷಯದಲ್ಲೂ ಕೆಲವು ಸರಳ ನಿಯಮಗಳಿವೆ. ಕಾರಿನ ಕೀಲಿಕೈ ಶೆಡ್ಡಿನಲ್ಲಿ ಉಳಿಯಬಾರದು. ಸ್ಟೀರಿಂಗಿಗೆ ಪ್ರತ್ಯೇಕ ಬೀಗವಿದ್ದರೆ ಒಳಿತು. 1988ರ ಮೋಟಾರು ವಾಹನ ಅಧಿನಿಯಮವು ಕಡ್ಡಾಯ ಮಾಡಿರುವುದು ಮೂರನೆಯವರ ಹಾನಿಯ ವಿಮೆಯನ್ನು. ಅದೊಂದನ್ನೇ ಮಾಡಿಸಿದವರಿಗೆ ಕಾರು ಕಳುವಾದಾಗ ಪರಿಹಾರ ದೊರೆಯದು. ಕಳವನ್ನೂ ಒಳಗೊಂಡ ವಿಮೆ ಬೇರೆ ಬೇಕು. ಕಳುವಾದೊಡನೆ ಪೊಲೀಸರಿಗೆ ದೂರು ಕೊಟ್ಟು ವಿಮೆಯವರಿಗೂ ತಿಳಿಸಬೇಕು. ಅವರು ಸಾಮಾನ್ಯವಾಗಿ ಕಾರಿನ ಎರಡೂ ಕೀಲಿಕೈಗಳನ್ನು ಕೇಳುವುದರಿಂದ, ಎರಡನೆಯದು ಮನೆಯಲ್ಲಿ ಗೊತ್ತಾದ ಜಾಗದಲ್ಲಿರಬೇಕು.

ಏನಾದರೂ ಕಳುವಾದ ದಿನ ಮೊದಲು ಬೆರಳು ತೋರುವುದು ಬಡವನ ಕಡೆಗೆ. ಕಾರು ತೊಳೆಯುವ ಹುಡುಗ, ಚಾಲಕ, ರಾತ್ರಿ ಕಾವಲಿನವ, ಇವರಲ್ಲೊಬ್ಬನ ಹೆಸರು ಸಂಜೆಯೊಳಗೆ ಬೀದಿಯ ತುಂಬ ಹರಡಿರುತ್ತದೆ. ಪೊಲೀಸರು ನಿಜವನ್ನು ಪತ್ತೆ ಮಾಡಿದರೂ ಆ ಹುಡುಗನಿಗೆ ಹೋದ ಕೆಲಸ ಮತ್ತೆ ಸಿಗುವುದು ಕಷ್ಟ. ಕಾರಿಗಾದರೂ ವಿಮೆಯುಂಟು, ಅವನ ಮಾನಕ್ಕೆ ಯಾವ ವಿಮೆಯೂ ಇಲ್ಲ. ಬೀಗದ ಎಷ್ಟು ಕೈಗಳಿವೆ, ಯಾರ ಬಳಿ ಯಾವುದಿದೆ ಎಂಬುದನ್ನು ಬರೆದಿಟ್ಟು, ಕೆಲಸದವರಿಗೆ ಕೈ ಕೊಟ್ಟ ವೇಳೆಯನ್ನೂ ಹಿಂದೆ ಪಡೆದ ವೇಳೆಯನ್ನೂ ಗುರುತುಮಾಡುವ ಪದ್ಧತಿಯು ಯಜಮಾನನಿಗಿಂತ ಹೆಚ್ಚಾಗಿ ನಿರ್ದೋಷಿಯಾದ ಆ ಕೆಲಸದವನನ್ನು ಕಾಪಾಡುತ್ತದೆ.

ಇನ್ನೊಂದು ಮಾತು ವ್ಯಾಪಾರಿಗಳಿಗೆ ಸಂಬಂಧಿಸಿದ್ದು. ಕದ್ದ ಬ್ಯಾಟರಿ, ಕದ್ದ ಚಕ್ರಗಳನ್ನು ಕೊಳ್ಳುವವರಿರುವುದರಿಂದಲೇ ಕದಿಯುವವರಿದ್ದಾರೆ. ತದಾಹೃತಾದಾನ, ಅಂದರೆ ಕಳ್ಳನು ತಂದದ್ದನ್ನು ಕೊಳ್ಳುವುದು, ಅಚೌರ್ಯವ್ರತದ ಅತಿಚಾರಗಳಲ್ಲಿ ಒಂದು. ಕಳವಿನ ಮಾಲೆಂದು ತಿಳಿದೂ ಸ್ವೀಕರಿಸುವುದು 1860ರ ದಂಡ ಸಂಹಿತೆಯಲ್ಲಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಪರಾಧವೇ. ತನ್ನ ಶೆಡ್ಡಿಗೆ ಎರಡು ಬೀಗ ಜಡಿದು, ಬಿಲ್ಲಿಲ್ಲದ ಅಗ್ಗದ ಬಿಡಿಭಾಗವನ್ನು ಸಂತೆಯಲ್ಲಿ ಕೊಂಡುತರುವವನು ಇನ್ನೊಬ್ಬನ ಶೆಡ್ಡಿನ ಬೀಗವನ್ನು ಸಡಿಲಿಸುತ್ತಿದ್ದಾನೆ.

ಬಸದಿಗಳ ಟ್ರಸ್ಟುಗಳು ತಮ್ಮ ಜಾಗಗಳನ್ನು ವಾಹನ ನಿಲ್ಲಿಸಲು ಬಾಡಿಗೆಗೆ ಕೊಡುವಾಗಲೂ ಈ ವಿಚಾರಗಳನ್ನು ಕರಾರಿನಲ್ಲಿ ಸ್ಪಷ್ಟವಾಗಿ ಬರೆಯುವುದು ಲೇಸು. ಬಾಗಿಲಿನ ದುರಸ್ತಿ ಯಾರ ಹೊಣೆ, ಬಾಡಿಗೆದಾರನು ಏನನ್ನು ಜೋಡಿಸಬಹುದು, ಹೆಚ್ಚಿನ ಕೈ ಯಾರ ಬಳಿ ಇರಬೇಕು ಎಂಬ ಮೂರು ಮಾತು ಮೊದಲೇ ತೀರ್ಮಾನವಾದರೆ ಮುಂದಿನ ಮನಸ್ತಾಪಗಳು ತಪ್ಪುತ್ತವೆ.

ಬಾಡಿಗೆದಾರನ ರಕ್ಷಣಾಕ್ರಮವು ಸರಿಯಾಗಿತ್ತೇ ಎಂಬುದು ಪೂರ್ಣವಾಗಿ ತಿಳಿಯುವುದು ಅವನು ಶೆಡ್ಡು ಬಿಡುವ ದಿನ. ಬೋಲ್ಟುಗಳನ್ನು ಬಿಚ್ಚಿ, ತೂತುಗಳನ್ನು ತುಂಬಿಸಿ, ಎಲ್ಲ ಕೈಗಳನ್ನೂ ಎಣಿಸಿ ಒಡೆಯನ ಕೈಗಿಟ್ಟಾಗ, ಕಾರು ಕ್ಷೇಮವಾಗಿದ್ದು, ಗೋಡೆ ಮೊದಲಿನಂತೆಯೇ ಇದ್ದು, ಯಾರ ಮನಸ್ಸೂ ನೊಂದಿರದಿದ್ದರೆ, ಆ ಬೀಗವು ತನ್ನ ಕೆಲಸವನ್ನು ಮಾಡಿತೆಂದು ತಿಳಿಯಬಹುದು.