ಎಲ್ ಎಂಬ ಒಂದಕ್ಷರ

ಸೀರೆಗೆ ಸೈಜು ಎಂಬುದಿಲ್ಲ. ಅಜ್ಜಿ ಉಟ್ಟದ್ದನ್ನೇ ಮೊಮ್ಮಗಳೂ ಉಡಬಹುದು. ತೆಳ್ಳಗಿದ್ದವಳು ಎರಡು ನೆರಿಗೆ ಹೆಚ್ಚು ಹಿಡಿದರಾಯಿತು. ರವಿಕೆಗೆ ದರ್ಜಿ ಇದ್ದ. ಅಳತೆ ರವಿಕೆ ಕೊಟ್ಟು, "ತೋಳು ಅರ್ಧ ಇಂಚು ಸಡಿಲ ಇರಲಿ" ಎಂದರೆ ಮುಗಿಯಿತು. ಮುಂದೆ ಮೈ ತುಂಬಿದರೆ ಬಿಚ್ಚಿಕೊಳ್ಳಲೆಂದು ಒಳಗೆ ಬಟ್ಟೆಯನ್ನೂ ಬಿಟ್ಟಿರುತ್ತಿದ್ದ, ಪುಣ್ಯಾತ್ಮ.

ರೆಡಿಮೇಡ್ ಕುರ್ತಾ ಕೊಳ್ಳತೊಡಗಿದ ಮೇಲೆ ನನ್ನ ಅಳತೆಯೇ ನನಗೆ ತಿಳಿಯದಾಯಿತು. ಒಂದು ಕಂಪನಿಯ 'ಎಲ್' ಜೋಲು ಬೀಳುತ್ತದೆ. ಇನ್ನೊಂದರ 'ಎಲ್' ಕಂಕುಳಲ್ಲಿ ಹಿಡಿಯುತ್ತದೆ. ಮೂರನೆಯವರ ಬಳಿ ನಾನು 'ಡಬಲ್ ಎಕ್ಸೆಲ್'. ಒಂದೇ ಸಂಜೆ, ಒಂದೇ ಬೀದಿಯಲ್ಲಿ ಮೂರು ಹೆಂಗಸಾದೆ! ಐವತ್ತು ದಾಟಿದ ನನಗೆ ಇದು ನಗುವ ವಿಷಯ. ಹದಿನಾಲ್ಕರ ಹುಡುಗಿಗೆ ಅಲ್ಲ.

ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ವಾರದಿಂದ ಊಟದ ಡಬ್ಬಿಯನ್ನು ಗೆಳತಿಯರಿಗೆ ಕೊಟ್ಟು ನೀರು ಕುಡಿದು ಕೂರುತ್ತಿದ್ದಳು. ಪಕ್ಕಕ್ಕೆ ಕರೆದು ಕೇಳಿದೆ. "ಹಬ್ಬದ ಬಟ್ಟೆ ತರೋಕೆ ಹೋದಾಗ ಎಕ್ಸೆಲ್ಲೂ ಹಿಡೀಲಿಲ್ಲ ಮಿಸ್. ಅಂಗಡಿಯವರು ಎಲ್ಲರೆದುರು ನಕ್ಕರು" ಎಂದು ಅತ್ತಳು.

ಗಣಿತದ ಮೇಷ್ಟ್ರು ರಜೆ ಹಾಕಿದ ದಿನ ನನ್ನವೇ ಎರಡು ಕುರ್ತಾ ಮತ್ತು ಟೇಪು ತಂದು ಹುಡುಗಿಯರ ಕೈಗೆ ಕೊಟ್ಟೆ. ಎರಡಕ್ಕೂ 'ಎಲ್' ಎಂದೇ ಚೀಟಿ. ಒಂದರ ಎದೆಯ ಸುತ್ತಳತೆ 40 ಇಂಚು, ಇನ್ನೊಂದರದು 44.

"ಇದರಲ್ಲಿ ಯಾವುದು ಸರಿ ಮಿಸ್?"

"ಅವರವರ ಲೆಕ್ಕಕ್ಕೆ ಎರಡೂ ಸರಿ" ಎಂದೆ. ಪ್ರತಿ ಕಂಪನಿಯೂ ತನ್ನದೇ ಒಂದು ಮಾದರಿ ಮೈಕಟ್ಟನ್ನು ಇಟ್ಟುಕೊಂಡು ಕತ್ತರಿಸುತ್ತದೆ. ಗಿರಾಕಿಗೆ ಸಂತೋಷವಾಗಲೆಂದು ದೊಡ್ಡ ಉಡುಪಿಗೆ ಚಿಕ್ಕ ಸೈಜಿನ ಚೀಟಿ ಹಚ್ಚುವವರೂ ಇದ್ದಾರೆ.

ಎಲ್ಲರಿಗೂ ಒಂದೇ ಅಳತೆ ಕಟ್ಟುವ ಪ್ರಯತ್ನ ನಡೆಯದೆ ಇಲ್ಲ. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಹೆಂಗಸರ ಮೈಯಳತೆ ತೆಗೆಸಿತು. ಆದರೆ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರನ್ನು ಮಾತ್ರ. ಅದನ್ನು ಆಧರಿಸಿ 1958ರಲ್ಲಿ ಬಂದ ಸೈಜು ಪಟ್ಟಿಯನ್ನು 1983ರಲ್ಲಿ ಕೈಬಿಟ್ಟರು. ನಮ್ಮಲ್ಲೂ ನಿಫ್ಟ್ ಸಂಸ್ಥೆ 15ರಿಂದ 65 ವರ್ಷದ 25,000 ಜನರನ್ನು ಅಳೆಯುವ 'ಇಂಡಿಯಾ ಸೈಜ್' ಕೆಲಸಕ್ಕೆ ಕೈಹಾಕಿತು. ಒಳ್ಳೆಯದೇ. ಆದರೂ ಎದೆ ಒಂದೇ ಅಳತೆಯ ಇಬ್ಬರಿಗೆ ಸೊಂಟ, ಭುಜ ಒಂದೇ ಇರಬೇಕೆಂದಿಲ್ಲವಲ್ಲ!

ಹಾಗಾಗಿ ನನ್ನದೊಂದು ಉಪಾಯ. ಚೆನ್ನಾಗಿ ಒಪ್ಪುವ ಒಂದು ಕುರ್ತಾವನ್ನು ಹಾಸಿ, ಕಂಕುಳಿಂದ ಕಂಕುಳಿಗೆ ಅಳೆದು ಎರಡರಷ್ಟು ಮಾಡಿ. ಭುಜ, ಸೊಂಟ, ಉದ್ದವನ್ನೂ ಬರೆದು ಪರ್ಸಿನಲ್ಲಿಡಿ. ಅಂಗಡಿಯಲ್ಲಿ ಚೀಟಿ ನೋಡಬೇಡಿ, ಟೇಪು ಕೇಳಿ. ಹತ್ತಿ ಬಟ್ಟೆಯಾದರೆ ಒಗೆದ ಮೇಲೆ ಕುಗ್ಗುವುದಕ್ಕೂ ಸ್ವಲ್ಪ ಜಾಗ ಬಿಡಿ.

ಆ ಹುಡುಗಿಯ ತಾಯಿಯನ್ನು ಕರೆಸಿ ಮಾತಾಡಿದ್ದೇನೆ. ಈಗ ಅರ್ಧ ಡಬ್ಬಿ ತಿನ್ನುತ್ತಾಳೆ, ಇನ್ನರ್ಧಕ್ಕೆ ಕಾಯುತ್ತಿದ್ದೇನೆ. ಅಂಗಡಿಯವರ ಬಾಯಿ ಕಟ್ಟಲಾರೆವು. ಬಟ್ಟೆ ಹಿಡಿಯದಿದ್ದಾಗ ಎಲ್ಲರೆದುರು "ದಪ್ಪಗಾಗಿದ್ದೀಯ" ಎನ್ನುವವರಲ್ಲಿ ಮೊದಲಿಗರು ತಾಯಂದಿರಾದ ನಾವೇ. ಅದರ ಬದಲು "ಇವರ ಹೊಲಿಗೆ ನಿನಗೆ ಹೊಂದಲಿಲ್ಲ, ನಡಿ ಮಗಳೇ" ಎಂದರೆ ನಮ್ಮ ಗಂಟೇನೂ ಹೋಗುವುದಿಲ್ಲ.